ಗೋ ಟು ಮನಿ

ಹಳೆಯ ವಸ್ತು ಕೊಳ್ಳುವವರಿಗೆ ನಾನು ಯಾವಾಗಲೂ ಒಂದು ಸಲಹೆ ಕೊಡುತ್ತೇನೆ. ಕೇಳಿದರೆ ಕೊಡುತ್ತೇನೆ, ಕೇಳದಿದ್ದರೆ ಸ್ವಲ್ಪ ಹೆಚ್ಚಾಗಿಯೇ ಕೊಡುತ್ತೇನೆ. ಎಮ್ಮೆಯಾದರೆ ಹಲ್ಲು ನೋಡುವುದು, ಮೋಟಾರ್ ಸೈಕಲ್ಲಾದರೆ ಹೊಗೆ ನೋಡುವುದು, ಮನೆಯಾದರೆ ಗೋಡೆ ಬಡಿದು ಕಿವಿಗೊಡುವುದು, ಇವೆಲ್ಲ ಬರೀ ಕಾಲಹರಣ. ಮಾರುವವನೇನು ದಡ್ಡನೇ? ಹಲ್ಲು ತಿಕ್ಕಿಸಿ, ಹೊಗೆ ನಿಲ್ಲಿಸಿ, ಗೋಡೆಗೆ ಸುಣ್ಣ ಬಳಿಸಿಯೇ ಇಟ್ಟಿರುತ್ತಾನೆ. ನೀವು ಕೇಳಬೇಕಾದದ್ದು ಇಷ್ಟೇ: ಇದರ ಮೊದಲಿನ ಮಾಲೀಕ ಯಾರು, ಆತ ಬದುಕಿದ್ದಾನೆಯೇ, ಬದುಕಿದ್ದರೆ ಬಸ್ಸು ಹೋಗುವ ಊರಿನಲ್ಲಿದ್ದಾನೆಯೇ? ಈ ಮೂರಕ್ಕೂ ಉತ್ತರ ಸಿಕ್ಕರೆ ಎಂಥ ಲಡಾಸು ವಸ್ತುವನ್ನಾದರೂ ಧೈರ್ಯವಾಗಿ ಕೊಳ್ಳಬಹುದು. ಕೆಟ್ಟಾಗ ಹೋಗಿ ಆತನ ಅಂಗಳದಲ್ಲಿ ಕೂತರಾಯಿತು.

ಇಷ್ಟೆಲ್ಲ ತಿಳಿದ ನಾನು ನನ್ನ ನೌಕರಿಯನ್ನು ಮಾತ್ರ ಏನೊಂದೂ ಕೇಳದೆ ತಲೆಯ ಮೇಲೆ ಹೊತ್ತುಕೊಂಡೆ. ನಾನು ಇಳಕಲ್ಲಿನಲ್ಲಿ ಸೀರೆ ಅಂಗಡಿಯ ಕಟ್ಟೆಯ ಮೇಲೆ ಬೆಳೆದವನು. ಸೆರಗಿನ ಮೇಲೆ ಗಿರಾಕಿಯ ಕೈ ಎಷ್ಟು ಹೊತ್ತು ನಿಂತಿತು ಎಂಬುದನ್ನು ನೋಡಿ, ಆಕೆ ಕೊಳ್ಳುತ್ತಾಳೋ, ಬರೀ ನೆರೆಮನೆಯವಳಿಗೆ ವರ್ಣಿಸಲು ನೋಡುತ್ತಿದ್ದಾಳೋ ಹೇಳುತ್ತಿದ್ದೆ. ಚಪ್ಪಲಿ ನೋಡಿ ಊರು ಹೇಳಬಲ್ಲೆ, ಮುಖ ನೋಡಿ ವಯಸ್ಸು ಹೇಳಬಲ್ಲೆ. ಈ ಮುಖದ ಮಾತನ್ನು ಸ್ವಲ್ಪ ನೆನಪಿಡಿ, ಮುಂದೆ ನನಗೇ ಬೇಕಾಗುತ್ತದೆ. ಸೈಕಲ್ ಅಂಗಡಿಯ ಮೇಲಿನ ಅಟ್ಟದಲ್ಲಿ ನಡೆಯುತ್ತಿದ್ದ ಕಂಪ್ಯೂಟರ್ ಕ್ಲಾಸಿಗೆ ಫೀಯ ಬದಲು ಕೀಬೋರ್ಡುಗಳ ಧೂಳು ಹೊಡೆಯುತ್ತೇನೆಂದು ಚೌಕಾಸಿ ಮಾಡಿ ಸೇರಿದೆ. ಅಲ್ಲಿಂದ ಏರಿ ಏರಿ ಬಾಗಲಕೋಟೆಯ ನವನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರೋಗ್ರಾಮರ್ ಅನಾಲಿಸ್ಟ್ ಎಂಬ ಫಲಕದ ಹಿಂದೆ ಬಂದು ಕೂತೆ. ಫಲಕ ನೋಡಿ ಮರುಳಾದೆನೇ ಹೊರತು, ಕುರ್ಚಿಯ ಮುಂದಿರುವ ಕಪ್ಪು ಪರದೆಯ ಮೊದಲಿನ ಮಾಲೀಕ ಯಾರೆಂದು ಕೇಳಲಿಲ್ಲ.

ನಮ್ಮಲ್ಲಿರುವುದು ಶಿಕ್ಷಕರ ಸೇವಾ ವಿವರಗಳ ಹಳೆಯ ವ್ಯವಸ್ಥೆ. ಮೇನ್‌ಫ್ರೇಮ್ ಎನ್ನುತ್ತಾರೆ. ಯಂತ್ರ ಇರುವುದು ಬೆಂಗಳೂರಿನಲ್ಲಿ, ತಣ್ಣನೆಯ ಕೋಣೆಯಲ್ಲಿ, ಮದುಮಗನ ಹಾಗೆ. ಅದು ತಪ್ಪು ಮಾಡಿದಾಗ ಬೈಗುಳ ಬರುವುದು ಬಾಗಲಕೋಟೆಗೆ. ಕಪ್ಪು ಪರದೆ, ಹಸಿರು ಅಕ್ಷರ, ಇಲಿ ಒತ್ತುವ ಸೌಕರ್ಯವಿಲ್ಲ. ಈ ಕೆಲಸಕ್ಕೆ ‘ನಿರ್ವಹಣೆ’ ಎಂದು ಹೆಸರು. ಬೀಳಲಿರುವ ಮನೆಗೆ ಆನಿಸಿದ ಕಂಬಕ್ಕೂ ನನಗೂ ಇರುವ ವ್ಯತ್ಯಾಸವೆಂದರೆ, ಕಂಬಕ್ಕೆ ಯಾರೂ ಫೋನ್ ಮಾಡಿ “ಯಾಕ್ರೀ ಇನ್ನೂ ಆಗಿಲ್ಲ?” ಎಂದು ಕೇಳುವುದಿಲ್ಲ.

ಮೊದಲ ಬಾರಿ ಆ ಪ್ರೋಗ್ರಾಮನ್ನು ಬಿಚ್ಚಿ ಓದಿದ ದಿನ ನನಗೆ ಊರಿನ ಸಂತೆಯಲ್ಲಿ ನಿಂತ ಹಾಗಾಯಿತು. ಅದು ಕೋಬಾಲ್ ಎಂಬ ಹಳೆಯ ಭಾಷೆಯಲ್ಲಿದೆ. ಆ ಭಾಷೆಯ ಒಂದು ಜಿಗುಟುತನ ಕೇಳಿ. ನೂರಾರು ಇಂಗ್ಲಿಷ್ ಪದಗಳನ್ನು ಅದು ತನಗೇ ಎಂದು ಕಾಯ್ದಿರಿಸಿಕೊಂಡು ಬಿಟ್ಟಿದೆ. ನೀವು ಗೊತ್ತಿಲ್ಲದೆ ಅವುಗಳಲ್ಲೊಂದನ್ನು ಯಾವುದಾದರೂ ವಿವರಕ್ಕೆ ಹೆಸರಾಗಿ ಇಟ್ಟಿರೋ, ಇಡೀ ಪ್ರೋಗ್ರಾಮು ಮುನಿಸಿಕೊಂಡು ಕೂರುತ್ತದೆ. ನಮ್ಮ ವ್ಯವಸ್ಥೆಯನ್ನು ಬರೆದವರು ಈ ಕಡೆಯಿಂದಲೇ ಬೆಂಗಳೂರಿಗೆ ಎರವಲು ಹೋಗಿದ್ದ ಹೊಸಮನಿ ಎಂಬವರು. ಅವರು ಈ ಮುನಿಸಿಗೆ ಬೇಸತ್ತು ಒಂದು ಉಪಾಯ ಕಂಡುಕೊಂಡಿದ್ದರು. ಯಾವ ಅಮೆರಿಕದವನೂ ಕಾಯ್ದಿರಿಸಲಾಗದ ಪದಗಳನ್ನೇ ಬಳಸುವುದು! ಅಂದರೆ ನಮ್ಮ ಕಡೆಯ ಮಾತು, ಇಂಗ್ಲಿಷ್ ಅಕ್ಷರದಲ್ಲಿ. ಒಂದು ಸಂಗತಿ ನಿಜವಾದರೆ ‘ಖರೆ’, ಅಲ್ಲದಿದ್ದರೆ ‘ಸುಳ್ಳ’. ವೈದ್ಯಕೀಯ ರಜೆಗೆ ‘ದವಾಖಾನಿ’. ಲೆಕ್ಕ ಮಿತಿ ಮೀರಿದರೆ ‘ಭಾಳಾತು’. ಶಾಲೆಯ ಸಂಖ್ಯೆಗೆ ‘ಸಾಲಿ’. ನೌಕರಿ ಹತ್ತಿದ ದಿನಾಂಕಕ್ಕೆ ‘ಹತ್ತಿದ್’. ಎಲ್ಲ ಕೆಲಸ ಮುಗಿದ ಮೇಲೆ ಕೊನೆಯ ಅಪ್ಪಣೆ: ಗೋ ಟು ಮನಿ. ಮನೆಗೆ ನಡಿ ಎಂದರ್ಥ. ಕಚೇರಿಯಲ್ಲಿ ಇಡೀ ದಿನ ಕೂತ ಮನುಷ್ಯ ಬರೆಯಬಹುದಾದ ಅತ್ಯಂತ ಪ್ರಾಮಾಣಿಕ ಸಾಲು ಅದೇ ಎಂದು ನನಗೆ ಅನ್ನಿಸಿತ್ತು.

ಹೀಗೆ ನಾನೂ ಆ ಯಂತ್ರವೂ ಬೈದುಕೊಳ್ಳುತ್ತ ಸಂಸಾರ ಮಾಡಿಕೊಂಡಿದ್ದಾಗ, ಹಳೆಯದನ್ನು ತೆಗೆದು ಹೊಸ ವ್ಯವಸ್ಥೆ ತರುತ್ತೇವೆಂದು ಮೇಲಿನವರು ಹೇಳಿದರು. ವಿವರಗಳನ್ನು ಹಳೆಯದರಿಂದ ಹೊಸದಕ್ಕೆ ಸಾಗಿಸುವ ಕೆಲಸ ಬೆಂಗಳೂರಿನ ಒಂದು ತಂಡಕ್ಕೆ ಹೋಯಿತು. ಅದರ ಮುಖ್ಯಸ್ಥ ನಿಖಿಲ್ ಎಂಬ ಬಹಳ ಸಭ್ಯ ಹುಡುಗ. ಎಷ್ಟು ಸಭ್ಯನೆಂದರೆ ಆತನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಫೋನ್ ಇಟ್ಟ ಮೇಲೆ ಬೇರೆ ಸಮಯ ತೆಗೆಯಬೇಕಾಗುತ್ತಿತ್ತು. ಮೊದಲು ಬಂದದ್ದು ಭದ್ರತೆಯ ಪ್ರಶ್ನೆ.

“ಸರ್, ಎಲ್ಲಾ ಪ್ರೋಗ್ರಾಮ್‌ಗಳೂ ಕೊನೆಗೆ ಮಣಿ ಅನ್ನೋರ ಹತ್ರ ಹೋಗ್ತಿವೆ. ಅವರು ಯಾರು ಸರ್? ಅವರಿಗೆ ಪರ್ಮಿಷನ್ ಕೊಟ್ಟಿರೋದು ಯಾರು?”

“ಮಣಿ ಅಲ್ಲೋ ತಮ್ಮಾ, ಮನಿ. ಮನಿ ಅಂದ್ರ ಮನೆ.”

“ಯಾರ ಮನೆಗೆ ಹೋಗ್ತಿವೆ ಸರ್?” ಎಂದು ಆತ ಇನ್ನೂ ಗಾಬರಿಯಾಗಿ, ಆ ಪ್ರಶ್ನೆಯನ್ನು ಬಾಕಿ ಎಂದು ಬರೆದುಕೊಂಡ.

ಇದನ್ನು ನಾನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿ ನಕ್ಕೆ. ನಗು ಬಹಳ ದಿನ ಉಳಿಯಲಿಲ್ಲ. ನನ್ನ ಹೆಂಡತಿ ಗಿರಿಜಾ ಶಾಲಾ ಶಿಕ್ಷಕಿ. ಬಾದಾಮಿ ತಾಲೂಕಿನ ಕುಳಗೇರಿ ಕ್ರಾಸಿನ ಆಚೆಗೆ ಒಂದು ಹಳ್ಳಿಯಲ್ಲಿ ಕಲಿಸುತ್ತಾಳೆ. ಬೆಳಿಗ್ಗೆ ಬಾಗಲಕೋಟೆಯಿಂದ ಹುಬ್ಬಳ್ಳಿಯ ಬಸ್ಸು ಹಿಡಿದು ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ. ಟಂಟಂ ತುಂಬುವವರೆಗೆ ಹೊರಡುವುದಿಲ್ಲ. ತುಂಬಿದ ಮೇಲೆ ಇನ್ನಷ್ಟು ತುಂಬುವವರೆಗೂ ಹೊರಡುವುದಿಲ್ಲ. ಬಹಳ ವರ್ಷ ಹೀಗೆ ಅಲೆದ ಮೇಲೆ ಈ ಸಲದ ವರ್ಗಾವಣೆಯಲ್ಲಿ ಆಕೆಯ ಸರದಿ ಬರುವುದರಲ್ಲಿತ್ತು. ನವನಗರದ ಹತ್ತಿರವೇ ಒಂದು ಶಾಲೆಯಲ್ಲಿ ಜಾಗ ಖಾಲಿಯಿತ್ತು. ಅಂಗಳದಲ್ಲಿ ಬೇವಿನಮರಗಳು, ಗೇಟಿನೆದುರೇ ಬಸ್ಸಿನ ನಿಲುಗಡೆ. ನಾವು ಅದನ್ನು ಬೇವಿನಮರದ ಸಾಲಿ ಎಂದೇ ಕರೆಯುತ್ತಿದ್ದೆವು. ಗಿರಿಜಾ ಮನಸ್ಸಿನಲ್ಲಿ ಆಗಲೇ ಆ ಮರದ ಕೆಳಗೆ ಮಕ್ಕಳನ್ನು ಕೂರಿಸಿ ಪಾಠ ಶುರು ಮಾಡಿಬಿಟ್ಟಿದ್ದಳು. “ಕಂಪ್ಯೂಟರ್ ನನ್ನ ಕೈಯಾಗ ಐತಿ, ನೀ ಏನೂ ಚಿಂತಿ ಮಾಡಬ್ಯಾಡ” ಎಂದು ನಾನು ಕೆಲಸಕ್ಕೆ ಬಾರದ ಭರವಸೆಯನ್ನೂ ಕೊಟ್ಟಿದ್ದೆ.

ಹೊಸ ವ್ಯವಸ್ಥೆಯಿಂದ ಮೊದಲ ಸೇವಾ ಹಿರಿತನದ ಪಟ್ಟಿ ಹೊರಬಿತ್ತು. ಅದರ ಪ್ರಕಾರ ನನ್ನ ಹೆಂಡತಿ ಬ್ರಿಟಿಷರ ಕಾಲದಲ್ಲಿ ಸೇವೆಗೆ ಸೇರಿದವಳು, ಆದ್ದರಿಂದ ಎಂದೋ ನಿವೃತ್ತಳಾದವಳು, ಆದ್ದರಿಂದ ವರ್ಗಾವಣೆಗೆ ಅರ್ಹಳಲ್ಲ. ಬಾದಾಮಿಯ ಕೆಲವು ಮಾಸ್ತರರು ಪುಲಿಕೇಶಿಯ ಆಳ್ವಿಕೆಯಲ್ಲಿ ನೇಮಕವಾಗಿದ್ದರು. ಹುನಗುಂದದ ಒಬ್ಬ ಡ್ರಾಯಿಂಗ್ ಮಾಸ್ತರರಂತೂ ಇನ್ನೂ ಹುಟ್ಟಬೇಕಾಗಿತ್ತು. ನನಗೆ ರೋಗ ತಕ್ಷಣ ತಿಳಿಯಿತು. ನಿಖಿಲನ ತಂಡ ‘ಹತ್ತಿದ್’ ಎಂಬುದನ್ನು ‘ಹತ್ತ್’ ಮತ್ತು ‘ಐಡಿ’ ಎಂದು ಒಡೆದು ಅದನ್ನೊಂದು ಗುರುತಿನ ಸಂಖ್ಯೆ ಮಾಡಿತ್ತು. ಸೇರಿದ ವರ್ಷ ಎಲ್ಲಿ ಎಂದು ಹುಡುಕಿ, ‘ಸಾಲಿ’ಯನ್ನು ಹಿಡಿದುಕೊಂಡಿತ್ತು. ಶಾಲೆಯ ಸಂಖ್ಯೆಗಳೆಲ್ಲ ಇಸವಿಗಳಾಗಿ ಕೂತಿದ್ದವು.

“ಸಾಲಿ ಅಂದ್ರ ಶಾಲೆಪಾ!” ಎಂದು ನಾನು ಫೋನಿನಲ್ಲಿ ಕೂಗಿದೆ.

“ಶಾಲೆಗೆ ಎಸ್ ಆದ್ಮೇಲೆ ಎಚ್ ಬರ್ಬೇಕಲ್ವಾ ಸರ್? ಸರ್ಕಾರಿ ಆದೇಶದಲ್ಲೆಲ್ಲಾ ‘ಪ್ರಸಕ್ತ ಸಾಲಿನಲ್ಲಿ’ ಅಂತಾನೇ ಇರುತ್ತೆ. ನಾವು ಅದನ್ನ ನೋಡಿಯೇ ಮಾಡಿದ್ದು.”

ಹುಡುಗ ತಪ್ಪನ್ನು ಕೂಡ ಆಧಾರಸಹಿತ ಮಾಡಿದ್ದ. ನಾನು ಅವನಿಗೆ ನಮ್ಮ ಕಡೆ ಶಾಲೆ ಸಾಲಿಯಾಗುವುದನ್ನು, ನೌಕರಿ ಸಿಗುವುದಿಲ್ಲ, ಹತ್ತುತ್ತದೆ ಎಂಬುದನ್ನು ವಿವರಿಸಿದೆ. ಆತ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಬಹಳ ನಾಜೂಕಾಗಿ ಹೇಳಿದ: “ನಂಗೆ ಅರ್ಥ ಆಯ್ತು ಸರ್. ಆದ್ರೆ ಲಿಸ್ಟಲ್ಲಿ ನಿಮ್ಮ ಮಿಸೆಸ್ ಹೆಸರೂ ಇದೆ. ನೀವು ಹೇಳಿದ್ರಿ ಅಂತ ನಾನು ಅರ್ಥ ಬದಲಾಯಿಸಿದ್ರೆ ನಾಳೆ ಆಡಿಟ್‌ನವ್ರು ನಿಮ್ಮನ್ನೇ ಹಿಡ್ಕೋತಾರೆ. ಮೂಲ ಬರೆದವರು ಯಾರಿದ್ದಾರೋ ಅವರೇ ಒಂದು ಸಲ ಕಾಲ್‌ನಲ್ಲಿ ಬಂದು ಹೇಳ್ಲಿ ಸರ್. ಕೌನ್ಸೆಲಿಂಗ್ ಮುಂದಿನ ವಾರ ಇದೆ, ಅಷ್ಟರೊಳಗೆ.”

ನನ್ನದೇ ಸಲಹೆಯನ್ನು ನನಗೇ ಸಭ್ಯವಾಗಿ ಹೇಳಿದ ಹಾಗಾಯಿತು: ಮೊದಲಿನ ಮಾಲೀಕ ಯಾರು, ಬದುಕಿದ್ದಾನೆಯೇ, ಬಸ್ಸು ಹೋಗುತ್ತದೆಯೇ? ವಿಚಾರಿಸಿದೆ. ಹೊಸಮನಿಯವರು ಬದುಕಿದ್ದರು. ಗುಡೂರಿನಲ್ಲಿದ್ದರು. ಗುಡೂರಿಗೆ ಬಸ್ಸೂ ಹೋಗುತ್ತಿತ್ತು.

ಭಾನುವಾರ ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ಅಮೀನಗಡದಲ್ಲಿ ಇಳಿದು ಕರದಂಟು ಕೊಂಡೆ. ಅಂಗಡಿಯವನೊಂದಿಗೆ ಎಷ್ಟು ಚೌಕಾಸಿ ಮಾಡಿದೆನೆಂದರೆ ಗುಡೂರಿನ ಬಸ್ಸು ಒಂದು ತಪ್ಪಿಯೇ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಹೊಸಮನಿಯವರ ಮನೆ ಸಿಕ್ಕಿತು. ಅವರು ಪಡಸಾಲೆಯಲ್ಲಿ ಕೂತು ರೇಡಿಯೋ ಬಿಚ್ಚಿ ಹರವಿಕೊಂಡಿದ್ದರು. ಕರದಂಟಿನ ಡಬ್ಬಿಯನ್ನು ಭಕ್ತಿಯಿಂದ ಕೈಗಿಟ್ಟೆ. ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು, ಬಾಯಿ ತೆರೆದು ತೋರಿಸಿದರು. ಅಲ್ಲಿ ಕರದಂಟಿಗೆ ಎದುರು ನಿಲ್ಲುವಂಥದ್ದು ಒಂದೂ ಉಳಿದಿರಲಿಲ್ಲ.

“ಹಲ್ಲಿದ್ದಾಗ ಯಾರೂ ಬರಲಿಲ್ಲ” ಎಂದರು. “ಏನ್ ಬಂದ್ರಿ?”

ನಾನು ಮೆತ್ತಗೆ ವಿಷಯ ತೆಗೆದೆ. ಬೆಂಗಳೂರಿನವರಿಗೆ ಫೋನಿನಲ್ಲಿ ಒಂದು ಮಾತು ಹೇಳಿದರೆ ಸಾಕು ಎಂದೆ.

“ನಾ ರಿಟೈರ್ ಆಗೇನಿ. ಆ ಸುಡುಗಾಡ ಸುದ್ದಿ ನನ್ನ ಮುಂದ ತಗೀಬ್ಯಾಡ್ರಿ. ಕೆಲಸಾ ಇದ್ದಾಗ ಒಬ್ಬವನೂ ‘ಹೊಸಮನಿ, ಚಲೋ ಮಾಡೀದಿ’ ಅನಲಿಲ್ಲ. ಈಗ ಕರದಂಟು ತರ್ತಾರ.”

ನಾನು ಚೌಕಾಸಿಗೆ ಇಳಿದೆ. ಸನ್ಮಾನ ಮಾಡಿಸುತ್ತೇನೆಂದೆ. ಶಾಲು ಮನೆಯಲ್ಲಿ ಇಡಲು ಜಾಗವಿಲ್ಲ ಎಂದರು. ಸಾರ್ವಜನಿಕ ಹಿತ ಎಂದೆ. ಅವರು ರೇಡಿಯೋದ ಒಂದು ತಿರುಪು ಹುಡುಕತೊಡಗಿದರು. ಸೀರೆ ಅಂಗಡಿಯಲ್ಲಿ ಗಿರಾಕಿ ಏಳಲು ಹೊರಟಾಗ ಮಾಡುವ ಕೊನೆಯ ಕೆಲಸವೊಂದಿದೆ: ಸೀರೆಯನ್ನು ಮಡಚಿಡುತ್ತ, ಅದನ್ನು ಬೇರೆಯವರು ಏನೆಂದರು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವುದು. ನಾನೂ ಚೀಲ ಎತ್ತಿಕೊಳ್ಳುತ್ತ, “ಹೋಗ್ಲಿ ಬಿಡ್ರಿ. ನೀವು ಬರದ ‘ಸಾಲಿ’ಗೆ ಬೆಂಗಳೂರಿನವ್ರು ಇಸವಿ ಅಂತ ಅರ್ಥಾ ಮಾಡ್ಯಾರ. ಬರದವ್ರಿಗೇ ಸ್ಪೆಲ್ಲಿಂಗ್ ಬರ್ತಿದ್ದಿಲ್ಲ, ಎಚ್ ಬಿಟ್ಟಾರ ಅಂತಾರ” ಎಂದೆ.

ತಿರುಪು ಕೆಳಗೆ ಬಿತ್ತು.

“ಎಚ್ ಬಿಟ್ಟೇನಿ? ನಾನು? ಸಾಲಿ ಅಂದ್ರ ಸಾಲಿ! ಅವರಪ್ಪ ಸಾಲಿ ಕಲ್ತಿಲ್ಲೇನು? ಹಚ್ಚರೀ ಫೋನು!”

ವೀಡಿಯೋ ಕರೆ ಹಚ್ಚಿದೆ. ಭಾನುವಾರವಾದರೂ ನಿಖಿಲ್ ಪಾಪ ಎತ್ತಿದ. ಹೊಸಮನಿಯವರು ಫೋನನ್ನು ಕಿವಿಗೆ ಹಿಡಿದದ್ದರಿಂದ ಬೆಂಗಳೂರಿಗೆ ಅವರ ಕಿವಿ ಮಾತ್ರ ಕಂಡಿತು. ಆದರೆ ಪಾಠ ಪೂರ್ತಿ ಕೇಳಿಸಿತು. ಸಾಲಿ ಎಂದರೇನು, ಹತ್ತುವುದೆಂದರೇನು, ಬಸ್ಸು ಹತ್ತುವುದಕ್ಕೂ ನೌಕರಿ ಹತ್ತುವುದಕ್ಕೂ ಏನು ಅಂತರ, ಕಾಯ್ದಿರಿಸಿದ ಪದಗಳ ಕಾಟದಲ್ಲಿ ತಾವು ಪಟ್ಟ ಪಾಡೇನು, ಎಲ್ಲ. ಕೊನೆಗೆ ಆತ ದಾಖಲೆಗೆಂದು ಹೆಸರು ಕೇಳಿದ.

“ಹೊಸಮನಿ.”

ಆ ತುದಿಯಲ್ಲಿ ನಿಖಿಲನ ದನಿ ಸಂತೋಷದಿಂದ ಒಮ್ಮೆಲೇ ಏರಿತು. “ಸರ್... ಮಣಿ ಸರ್ ಅಂದ್ರೆ ನೀವೇನಾ?”

ನಾನು ಬಾಯಿ ಹಾಕುವಷ್ಟರಲ್ಲಿ ಹೊಸಮನಿಯವರು, “ಹ್ಞೂಂ, ನಾನ!” ಎಂದುಬಿಟ್ಟರು. ಇಷ್ಟು ವರ್ಷಗಳ ಮೇಲೆ ಯಾರೋ ತಮ್ಮನ್ನು ಗುರುತಿಸಿದ್ದಕ್ಕೆ ಅವರ ಮುಖ ಅರಳಿಹೋಗಿತ್ತು. ಹೀಗೆ ಭದ್ರತೆಯ ಪ್ರಶ್ನೆಯೂ ಅಲ್ಲೇ ಇತ್ಯರ್ಥವಾಯಿತು. ಫೋನಿಟ್ಟ ಮೇಲೆ ಅವರು ಕೇಳಿದ್ದು ಒಂದೇ ಮಾತು: “ಇದರಿಂದ ಎಲ್ಲಾರದ್ದೂ ಸರಿ ಆಗ್ತದಲ್ಲ?”

“ಎಲ್ಲಾರದ್ದೂ!” ಎಂದೆ, ಜಗತ್ತನ್ನೇ ಗೆದ್ದವನ ಹಾಗೆ.

ಅಲ್ಲಿಗೆ ಎದ್ದು ಬಸ್ಸು ಹಿಡಿದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಒಳಗಿನಿಂದ ಅವರ ಸೊಸೆ ಸುನಂದಾ ಚಹಾ ತಂದಳು. “ಈಕಿನೂ ಸಾಲ್ಯಾಗ ಕಲಸ್ತಾಳ, ಹುನಗುಂದದ ಕಡೆ” ಎಂದರು ಮಾವ. ನಾನು ಮುಖ ನೋಡಿದೆ. ಮೊದಲೇ ಹೇಳಿದೆನಲ್ಲ, ಮುಖ ನೋಡಿ ವಯಸ್ಸು ಹೇಳಬಲ್ಲೆ. ನಿನ್ನೆ ಮೊನ್ನೆ ನೌಕರಿ ಹತ್ತಿದ ಹುಡುಗಿ ಎಂದು ತೀರ್ಮಾನಿಸಿದೆ.

“ಸರ್, ನಮ್ಮ ಮನಿಯವರು ಬಾಗಲಕೋಟಿಯೊಳಗ ಅದಾರ್ರಿ. ಆ ಕಡೆ ಯಾವ ಸಾಲಿ ಚಲೋ ಐತ್ರಿ?” ಎಂದಳು.

ಓದುಗರೇ, ಮನುಷ್ಯನ ಹೊಟ್ಟೆಯಲ್ಲಿ ಹಸಿವಿಗಿಂತ ದೊಡ್ಡ ಸಂಕಟವೆಂದರೆ ಕೊಡದೆ ಉಳಿದ ಸಲಹೆ. ಗಿರಿಜಾಳಿಗಾಗಿ ನಾನು ನವನಗರದ ಸುತ್ತಿನ ಶಾಲೆಗಳನ್ನೆಲ್ಲ ಎಮ್ಮೆ ನೋಡಿದ ಹಾಗೆ ಸುತ್ತುಹಾಕಿ ನೋಡಿಟ್ಟಿದ್ದೆ. ಆ ಜ್ಞಾನವೆಲ್ಲ ಒಮ್ಮೆಲೇ ಹೊರಗೆ ಬಂತು. ಆ ಶಾಲೆಗೆ ದಾರಿಯಿಲ್ಲ, ಈ ಶಾಲೆಗೆ ಮಾಳಿಗೆಯಿಲ್ಲ, ಇನ್ನೊಂದರ ಮುಖ್ಯಗುರುಗಳಿಗೆ ತಾಳ್ಮೆಯಿಲ್ಲ. “ತಗೊಂಡ್ರ ಬೇವಿನಮರದ ಸಾಲಿನ ತಗೋಬೇಕು ನೋಡ್ರಿ” ಎಂದೆ. ನಿಲುಗಡೆ ಎಲ್ಲಿದೆ, ಯಾವ ಕೋಣೆಗೆ ಗಾಳಿ ಬರುತ್ತದೆ, ನೀರಿನ ಟಾಕಿ ಈ ವರ್ಷವಷ್ಟೇ ಹೊಸದಾಗಿ ಕಟ್ಟಿದ್ದು ಎಂಬುದನ್ನೂ ಹೇಳಿದೆ. ಆಕೆ ಕಣ್ಣರಳಿಸಿ ಕೇಳಿದಳು. ಚಹಾ ಎರಡನೆಯ ಸಲ ಬಂತು. ಇವಳ ಸರದಿ ಬರುವ ಹೊತ್ತಿಗೆ ನನ್ನ ಗಿರಿಜಾ ಆ ಬೇವಿನ ನೆರಳಿನಲ್ಲೇ ನಿವೃತ್ತಳಾಗಿರುತ್ತಾಳೆ, ಜ್ಞಾನ ಹಂಚುವುದರಲ್ಲಿ ನಷ್ಟವೇನು ಎಂಬುದು ನನ್ನ ಲೆಕ್ಕ.

ಪಟ್ಟಿ ಸರಿಯಾಯಿತು. ಪುಲಿಕೇಶಿಯ ಕಾಲದ ಮಾಸ್ತರರು ಈ ಶತಮಾನಕ್ಕೆ ಮರಳಿದರು, ಹುನಗುಂದದ ಡ್ರಾಯಿಂಗ್ ಮಾಸ್ತರರು ಹುಟ್ಟಿದರು, ನನ್ನ ಹೆಂಡತಿ ಸೇವೆಗೆ ವಾಪಸಾದಳು. ಕೌನ್ಸೆಲಿಂಗ್ ಎಂದರೆ ಶಿಕ್ಷಕರು ಸೇವಾ ಹಿರಿತನದ ಸರದಿಯಲ್ಲಿ ಒಬ್ಬೊಬ್ಬರಾಗಿ ಖಾಲಿ ಶಾಲೆ ಆರಿಸಿಕೊಳ್ಳುವುದು, ಆ ದಿನ ನಾನೂ ಜೊತೆಗೆ ಹೋದೆ. ಗಿರಿಜಾ ಒಳಗಿದ್ದಳು, ನಾನು ಹೊರಗೆ ಬೇರೊಬ್ಬ ಶಿಕ್ಷಕಿಯ ಗಂಡನಿಗೆ ಹಳೆಯ ಸ್ಕೂಟರ್ ಕೊಳ್ಳುವ ಬಗ್ಗೆ ತಿಳಿಹೇಳುತ್ತಿದ್ದೆ. ಬಾಗಿಲು ತೆರೆದು ಗಿರಿಜಾ ಬಂದಳು. ಅವಳ ಪಕ್ಕದಲ್ಲಿ ನಗುನಗುತ್ತ ಸುನಂದಾ!

“ಸರ್ರೀ! ನಿಮ್ಮಿಂದ ಭಾಳ ಉಪಕಾರ ಆತ್ರಿ. ನೀವು ಹೇಳಿದ ಬೇವಿನಮರದ ಸಾಲಿನ ಹಿಡದ್ನಿ ನೋಡ್ರಿ” ಎಂದಳು. ಆಮೇಲೆ ಗಿರಿಜಾಳ ಕಡೆ ತಿರುಗಿ, “ಅಕ್ಕಾರ, ಇವರ ನೋಡ್ರಿ ನಾ ಒಳಗ ಹೇಳಿದ ಸರ್. ದೇವರಂಥಾ ಮನುಷ್ಯಾ. ನಿಮಗ ಇವರ ಗುರ್ತ ಐತೇನ್ರಿ?”

ಗಿರಿಜಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಸ್ವಲ್ಪ ಐತ್ರಿ” ಎಂದಳು.

ಸುನಂದಾ ನನ್ನ ಹೆಂಡತಿಗಿಂತ ಸೇವೆಯಲ್ಲಿ ಹಿರಿಯಳಂತೆ. ನಾನು ಪಟ್ಟಿ ಸರಿ ಮಾಡಿಸದಿದ್ದರೆ ಆಕೆಯೂ ಯಾವುದೋ ರಾಜನ ಕಾಲದಲ್ಲಿ ಕೂತಿರುತ್ತಿದ್ದಳು. ಗಿರಿಜಾಳಿಗೆ ಉಳಿದದ್ದು ಕೆರೂರಿನ ಶಾಲೆ. ಟಂಟಂ ತಪ್ಪಿತು, ಬಸ್ಸು ತಪ್ಪಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ನಾನೇ ಧೈರ್ಯ ಮಾಡಿ, “ಸೀನಿಯಾರಿಟಿ ಪ್ರಕಾರ ಆಕಿಗೇ ಮೊದಲ ಸಿಗಬೇಕಲ್ಲ, ಅದು ನ್ಯಾಯಾನ...” ಎಂದೆ.

“ಖರೆ ಐತಿ. ಆಕಿ ತಗೊಂಡದ್ದಕ್ಕ ನನಗ ಸಿಟ್ಟಿಲ್ಲ.”

“ಮತ್ತ?”

“ನೀರಿನ ಟಾಕಿ ಹೊಸಾದು ಅಂತ ನನಗ ಹೇಳಿದ್ದಿಲ್ಲಲ್ರಿ ನೀವು. ಆಕಿಗೆ ಹೇಳೀರಿ.”

ನಾನು ಮುಂದಕ್ಕೆ ಬಾಗಿ, ಆಟೋದವನಿಗೆ ಆತ ಕೇಳದಿದ್ದರೂ ದಾರಿ ಹೇಳತೊಡಗಿದೆ.

ಈಗ ಹೊಸ ವ್ಯವಸ್ಥೆ ಬಂದಿದೆ. ಬಣ್ಣಬಣ್ಣದ ಪರದೆ. ಹಳೆಯ ಹೆಸರುಗಳನ್ನೆಲ್ಲ ಚೆಂದದ ಇಂಗ್ಲಿಷಿಗೆ ಬದಲಾಯಿಸಿದ್ದಾರೆ. ಆದರೆ ಮಣಿಯವರ ಗುರುತು ದಾಖಲೆಯ ಪ್ರಕಾರ ಖಚಿತವಾಗಿರುವುದರಿಂದ ಅವರನ್ನು ಮಾತ್ರ ಗೌರವದಿಂದ ಉಳಿಸಿಕೊಂಡಿದ್ದಾರೆ. ನಾನು ಕೆಲಸ ಮುಗಿಸಿ ಗುಂಡಿ ಒತ್ತಿದಾಗಲೆಲ್ಲ ‘ನಿಮ್ಮ ಕೋರಿಕೆಯನ್ನು ಶ್ರೀ ಮಣಿಯವರಿಗೆ ಕಳುಹಿಸಲಾಗಿದೆ’ ಎಂದು ಬರುತ್ತದೆ. ಅದನ್ನು ತೆಗೆಸಬೇಕೆಂದರೆ ಮೂಲ ಬರೆದವರ ಒಪ್ಪಿಗೆ ಬೇಕಂತೆ. ಗುಡೂರಿಗೆ ಮತ್ತೆ ಹೋಗುವ ಧೈರ್ಯ ನನಗಿಲ್ಲ. ಅವರಿಗೆ ಇನ್ನೊಬ್ಬ ಸೊಸೆ ಇದ್ದಾಳೆಂದು ಕೇಳಿದ್ದೇನೆ.

ನನ್ನ ಸಲಹೆಯನ್ನೂ ಸ್ವಲ್ಪ ತಿದ್ದಿಕೊಂಡಿದ್ದೇನೆ. ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಹಳೆಯ ಮೋಟಾರ್ ಸೈಕಲ್ ನೋಡಲು ಹೊರಟಿದ್ದರು. ಅಂಗಳದಲ್ಲಿ ತಡೆದು ನಿಲ್ಲಿಸಿದೆ. “ಮೊದಲಿನ ಮಾಲೀಕ ಯಾರು ಅಂತ ಕೇಳ್ರಿ. ಬದುಕಿದಾನೋ ಇಲ್ಲೋ ಕೇಳ್ರಿ. ಆಮೇಲೆ ಅವರ ಮನ್ಯಾಗ ಯಾರ್ಯಾರು ಅದಾರ, ಏನೇನ್ ಕೆಲಸಾ ಮಾಡ್ತಾರ...” ಎಂದು ಶುರು ಮಾಡಿದ್ದೆ. ಹೆಗಲಿಗೆ ಚೀಲ ಹಾಕಿಕೊಂಡು ಕೆರೂರಿನ ಬಸ್ಸಿಗೆ ಹೊರಟಿದ್ದ ಗಿರಿಜಾ ನಮ್ಮನ್ನು ದಾಟಿ ಗೇಟಿನ ತನಕ ಹೋದವಳು, ತಿರುಗಿಯೂ ನೋಡದೆ ಹೇಳಿದಳು:

“ಏನ್ರಿ, ಗೋ ಟು ಮನಿ.”

ನಾನು ನಿಂತದ್ದು ನನ್ನ ಮನೆಯ ಅಂಗಳದಲ್ಲೇ. ಆದರೂ ಒಳಗೆ ಹೋದೆ.